ಉಣಕಲ್ ಕೆರೆಯ ನಡಿಗೆ ಗುಂಪು: ಆಹಾರತಜ್ಞೆಗೆ ಭಾನುವಾರದ ಪ್ರಶ್ನೆಗಳು

ನವನಗರದ ಸದಸ್ಯ: ನಮಸ್ಕಾರ ಮೇಡಂ. ನಿನ್ನೆ ಮಳೆಗೆ ಸಿಕ್ಕಿ ಆರು ಸಾವಿರ ಹೆಜ್ಜೆಗೇ ಮನೆಗೆ ಮರಳಿದೆ. ರಾತ್ರಿ ಊಟ ಬಿಟ್ಟು ಸರಿದೂಗಿಸಿದೆ. ಸಾಕೇ?

ಆಹಾರತಜ್ಞೆ: ಅದೇನು ಸಾಲವೇ, ತೀರಿಸಲಿಕ್ಕೆ? ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಹುಟ್ಟಿದ್ದು 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಒಂದು ದಿನ ತಪ್ಪಿದರೆ ತಪ್ಪಿತು, ಊಟ ಮಾಡಿ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು.

ವಿದ್ಯಾನಗರದ ಸದಸ್ಯೆ: ಅಕ್ಕಾವರೆ, ಮಗಳಿಗೆ 22 ವರ್ಷ. ಆರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದಿದ್ದಾಳೆ, ಎಲ್ಲರೂ ಹೊಗಳುತ್ತಾರೆ. ರೊಟ್ಟಿಯನ್ನು ಪುಟ್ಟ ತಕ್ಕಡಿಯ ಮೇಲಿಟ್ಟು, 30 ಗ್ರಾಂ ಆಗುವವರೆಗೆ ಅಂಚು ಮುರಿದು ತಮ್ಮನ ತಾಟಿಗೆ ಹಾಕುತ್ತಾಳೆ. ಹೋಳಿಗೆ ತಿನ್ನಿಸುತ್ತಾರೆಂದು ಅಕ್ಕನ ಕುಬಸಕ್ಕೂ ಬರಲಿಲ್ಲ. ಆಗಾಗ ತಲೆ ಸುತ್ತುತ್ತದೆಯಂತೆ. ಯಾವ ಟಾನಿಕ್ ಕೊಡಲಿ?

ಆಹಾರತಜ್ಞೆ: ಟಾನಿಕ್ ಮಾತು ಇರಲಿ. ಮುಟ್ಟು ಆಗುತ್ತಿದೆಯೇ?

ವಿದ್ಯಾನಗರದ ಸದಸ್ಯೆ: ನಾಲ್ಕು ತಿಂಗಳಿಂದ ಇಲ್ಲ. ವ್ಯಾಯಾಮ ಮಾಡುವವರಿಗೆ ಹಾಗೆಯೇ ಎನ್ನುತ್ತಾಳೆ.

ಆಹಾರತಜ್ಞೆ: ಹಾಗಲ್ಲ ತಾಯಿ. ದೇಹದ ಖರ್ಚಿಗೆ ತಕ್ಕಷ್ಟು ಅನ್ನ ಒಳಗೆ ಹೋಗದಿದ್ದರೆ, ಮಿದುಳಿನ ಹೈಪೋಥಲಾಮಸ್ ಮೊದಲು ಮುಟ್ಟನ್ನೇ ನಿಲ್ಲಿಸುತ್ತದೆ. ಮೂಳೆ ಕಾಯುವ ಈಸ್ಟ್ರೋಜನ್ ಹಾರ್ಮೋನು ಇಳಿದು, ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಸವೆಯುತ್ತದೆ. ಥೈರಾಯ್ಡ್ ಮುಂತಾದ ಬೇರೆ ಕಾರಣಗಳೂ ಇರಬಹುದು. ಅದಕ್ಕೇ ಈ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಎಚ್ಚರ ತಪ್ಪಿದರೆ, ಎದೆಬಡಿತ ಏರುಪೇರಾದರೆ ಆ ಕ್ಷಣವೇ ಆಸ್ಪತ್ರೆ. ರೊಟ್ಟಿಗಿಂತ ನನ್ನನ್ನು ಕಾಡುತ್ತಿರುವುದು ಆ ಕುಬಸ. ಒಂದು ಹೋಳಿಗೆಗೆ ಹೆದರಿ ಒಡಹುಟ್ಟಿದವಳ ಮನೆಗೆ ಹೋಗದವಳಿಗೆ ಮನೋವೈದ್ಯರ ನೆರವೂ ಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ತಕ್ಕಡಿ ಕಸಿಯಬೇಡಿ, ಬೈಯಬೇಡಿ. ಎದುರಿಗೆ ಕುಳಿತು ನೀವೂ ಉಣ್ಣಿ. ಹೊಗಳುವವರ ಬಾಯಿಯನ್ನು ಮಾತ್ರ ಇಂದೇ ಮುಚ್ಚಿಸಿ.

ಕೇಶ್ವಾಪುರದ ಸದಸ್ಯ: ಬಂದ ಸಂದೇಶ ಕಳಿಸುತ್ತಿದ್ದೇನೆ: ‘ಬರಿಹೊಟ್ಟೆಗೆ ಸೋರೆಕಾಯಿ ರಸ, ಕಹಿ ಇದ್ದಷ್ಟೂ ಗುಣ.’

ಆಹಾರತಜ್ಞೆ: ಅಳಿಸಿ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ರಕ್ತವಾಂತಿಯಾಗುತ್ತದೆ, ಜೀವಗಳೂ ಹೋಗಿವೆ. ನಾಲಿಗೆಗೆ ಕಹಿ ತಾಗಿದರೆ ಉಗುಳಬೇಕು, ಊರಿಗೆಲ್ಲ ಕಳಿಸುವುದಲ್ಲ.

ಕೇಶ್ವಾಪುರದ ಸದಸ್ಯ: ನಮ್ಮ ಅಜ್ಜ ದಿನಾ ಕುಡಿದು ತೊಂಬತ್ತು ದಾಟಿದರು.

ಸಪ್ತಾಪುರದ ಸದಸ್ಯ: ನಿಮ್ಮ ಅಜ್ಜ ಎತ್ತಿನ ಹಿಂದೆ ನಡೆದರು. ನೀವು ಕೆರೆಯವರೆಗೆ ಬೈಕಿನಲ್ಲಿ ಬಂದು, ಒಂದು ಸುತ್ತು ಹಾಕಿ, ಗಿರಮಿಟ್ಟಿನ ಗಾಡಿಗೆ ಹೋಗುತ್ತೀರಿ.

ಕೇಶ್ವಾಪುರದ ಸದಸ್ಯ: ಗಿರಮಿಟ್ಟು ನನ್ನ ದುಡ್ಡಿನದು. ಹುಬ್ಬಳ್ಳಿಯ ಗುಂಪಿನಲ್ಲಿ ಧಾರವಾಡದವರಿಗೇನು ಕೆಲಸ? ನಿಮ್ಮ ಕೆಲಗೇರಿ ಕೆರೆಗೆ ಹೋಗಿ.

ಗೋಕುಲ ರಸ್ತೆಯ ಸದಸ್ಯೆ: ಮೇಡಂ, ಪೇಢೆ ವಾರಕ್ಕೆ ಎಷ್ಟು ತಿನ್ನಬಹುದು?

ಸಪ್ತಾಪುರದ ಸದಸ್ಯ: ಹೋಗುತ್ತೇನೆ. ಅಲ್ಲಿ ಯಾರೂ ಸೋರೆಕಾಯಿ ಹಿಂಡುವುದಿಲ್ಲ.

ಹಳೇ ಹುಬ್ಬಳ್ಳಿಯ ಸದಸ್ಯ: ಏಳರ ನಂತರ ಉಣ್ಣಬಾರದೇ? ನನ್ನ ಅಂಗಡಿ ಮುಚ್ಚುವುದೇ ಒಂಬತ್ತಕ್ಕೆ.

ಆಹಾರತಜ್ಞೆ: ಒಂಬತ್ತೂವರೆಗೆ ಉಣ್ಣಿ. ಈ ತಿಂಗಳಲ್ಲಿ ಮೂರನೆಯ ಸಲ ಹೇಳುತ್ತಿದ್ದೇನೆ.

ನವನಗರದ ಸದಸ್ಯ: ಹಾಗಾದರೆ ಇವತ್ತು ಹದಿನಾಲ್ಕು ಸಾವಿರ ನಡೆದರೆ?

ಆಹಾರತಜ್ಞೆ: ಮೇಲೆ ಬರೆದಿದ್ದೇನೆ, ಓದಿ.

ಗೋಕುಲ ರಸ್ತೆಯ ಸದಸ್ಯೆ: ಪೇಢೆ, ಮೇಡಂ?

ವಿದ್ಯಾನಗರದ ಸದಸ್ಯೆ: ಅಕ್ಕಾವರೆ, ಬುಧವಾರ ಡಾಕ್ಟರ ಬಳಿ ಬರಲು ಒಪ್ಪಿದ್ದಾಳೆ. ತಕ್ಕಡಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಾಳಂತೆ.

ಆಹಾರತಜ್ಞೆ: ತರಲಿ.