ಸಹಾಯ ಬೇಕು: ಇಂಗ್ಲಿಷ್ ಕಲಿಸಲು ತಕ್ಕ ಹಾಡುಗಳು

ಎಲ್ಲರಿಗೂ ನಮಸ್ಕಾರ. ಕಲಬುರಗಿ, ವಿಜಯಪುರದ ಕಡೆಯಿಂದ ಮುಂಬಯಿ ಬಳಿಯ ಡೊಂಬಿವಲಿಗೆ ಕಟ್ಟಡ ಕೆಲಸಕ್ಕೆ ಬಂದಿರುವ ಕುಟುಂಬಗಳ 12 ಮಕ್ಕಳಿಗೆ ನಾನು ಭಾನುವಾರ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಪಾಠ ಓದುವಾಗ ನಮ್ಮ ನುಡಿಯ ರೂಢಿಯಂತೆ ‘ಎಗ್’ ಎಂಬುದನ್ನು ‘ಯೆಗ್ಗು’ ಎಂದೂ ‘ಬಸ್’ ಎಂಬುದನ್ನು ‘ಬಸ್ಸು’ ಎಂದೂ ಉಚ್ಚರಿಸುವ ಈ ಮಕ್ಕಳು, ಅದೇ ಪದಗಳನ್ನು ಹಾಡಿನಲ್ಲಿ ತಾಳಕ್ಕೆ ಸರಿಯಾಗಿ ಹೇಳುವುದನ್ನು ಕಂಡು ನನಗೆ ತುಂಬ ಸಂತೋಷವಾಯಿತು. ಇಂಗ್ಲಿಷಿನಲ್ಲಿ ಕೆಲವು ಉಚ್ಚಾರಾಂಶಗಳಷ್ಟೇ (ಸಿಲಬಲ್) ಒತ್ತು ಪಡೆದು ಉಳಿದವು ಕ್ಷೀಣಿಸುವುದರಿಂದ, ಆ ಲಯವನ್ನು ನಿಯಮ ಹೇಳಿ ಕಲಿಸುವುದಕ್ಕಿಂತ ಹಾಡಿ ಕಲಿಸುವುದೇ ಮೇಲು ಎಂದು ನಾನು ನಂಬಿದ್ದೇನೆ. ಆದರೆ ಭೂತಕಾಲದ ಕ್ರಿಯಾಪದಗಳಿರುವ, ನಿಧಾನಗತಿಯ, ಪಲ್ಲವಿ ಮತ್ತೆ ಮತ್ತೆ ಬರುವ ಹಾಡುಗಳು ಸಿಗುತ್ತಿಲ್ಲ (ಶಿಶುಗೀತೆಗಳನ್ನು ಹದಿಮೂರರ ವಯಸ್ಸಿನವರು ಒಪ್ಪುವುದಿಲ್ಲ). ಮುಂಬಯಿ, ಪುಣೆಯ ಶಿಕ್ಷಕ ಬಂಧುಗಳು ತಾವು ತರಗತಿಯಲ್ಲಿ ಬಳಸಿದ ಹಾಡುಗಳನ್ನೂ ಅನಂತರ ಮಾಡಿಸಿದ ಅಭ್ಯಾಸಗಳನ್ನೂ ದಯವಿಟ್ಟು ತಿಳಿಸಬೇಕು.