ವಾಕಿಟಾಕಿಯಲ್ಲಿ ‘ರೋಜರ್’ ಎಂದರೆ ಒಪ್ಪಿಗೆಯೇ?

ಪ್ರಶ್ನೆ (ಕಾಲೇಜು ವಿದ್ಯಾರ್ಥಿನಿ, ಮಂಡ್ಯ): ನಮಸ್ಕಾರ ಸರ್. ಜಾತ್ರೆಯಲ್ಲಿ ಸ್ವಯಂಸೇವಕರಾಗಿದ್ದ ನಮಗೆ ವಾಕಿಟಾಕಿ ಕೊಟ್ಟಿದ್ದರು. ಎಲ್ಲರೂ ಮಾತುಮಾತಿಗೂ ‘ರೋಜರ್’ ಎನ್ನುತ್ತಿದ್ದರು. ಯಾರು ಈ ರೋಜರ್? ‘ಆಗಲಿ, ಮಾಡುತ್ತೇನೆ’ ಎಂದು ಅದರ ಅರ್ಥವೇ?

ಉತ್ತರ (ನಿವೃತ್ತ ವೈರ್‌ಲೆಸ್ ಸಿಬ್ಬಂದಿ, ಮೈಸೂರು): ರೋಜರ್ ಯಾವ ವ್ಯಕ್ತಿಯೂ ಅಲ್ಲಮ್ಮ. ಚುಕ್ಕಿ-ಗೆರೆಗಳ ಸಂಕೇತದಲ್ಲೇ ಸಂದೇಶ ಕಳಿಸುತ್ತಿದ್ದ ಮೋರ್ಸ್ ಕಾಲದಲ್ಲಿ ಸಂದೇಶ ಪೂರ್ತಿ ಬಂತು ಎನ್ನಲು ‘ಆರ್’ ಅಕ್ಷರವೊಂದನ್ನೇ ಬಡಿಯುತ್ತಿದ್ದರು: ಚುಕ್ಕಿ, ಗೆರೆ, ಚುಕ್ಕಿ. ಅದು ‘ರಿಸೀವ್ಡ್’ ಪದದ ಮೊದಲಕ್ಷರ. ಬಾಯಿಮಾತಿನ ರೇಡಿಯೊ ಬಂದಾಗ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಪ್ರತಿ ಅಕ್ಷರಕ್ಕೂ ಒಂದು ಹೆಸರು ಇಟ್ಟುಕೊಂಡಿತ್ತು, ‘ಆರ್’ಗೆ ‘ರೋಜರ್’. 1956ರಲ್ಲಿ ಆ ಅಕ್ಷರದ ಹೆಸರು ‘ರೋಮಿಯೊ’ ಆಯಿತು. ಆದರೂ ‘ತಲುಪಿತು’ ಎನ್ನಲು ರೋಜರ್ ಹಾಗೆಯೇ ಉಳಿಯಿತು.

ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ: ಖಂಡಿತ ಅಲ್ಲ. ನೀನು ಹೇಳಿದ್ದು ಪೂರ್ತಿ ಕೇಳಿಸಿತು, ಅಷ್ಟೇ. ಒಪ್ಪಿದೆ ಎಂದೂ ಅಲ್ಲ, ಮಾಡುತ್ತೇನೆ ಎಂದೂ ಅಲ್ಲ. ಮಾಡುತ್ತೇನೆ ಎನ್ನಲು ‘ವಿಲ್ಕೋ’ ಇದೆ, ಹೌದು ಎನ್ನಲು ‘ಅಫರ್ಮ್’ ಇದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯ, ಮೈಸೂರು): ಇಷ್ಟು ಸೂಕ್ಷ್ಮ ನಮಗೆ ಬೇಕೇ ಸರ್? ದಸರಾ ಬಂದೋಬಸ್ತಿನ ಗದ್ದಲದಲ್ಲಿ ಯಾರು ನೋಡುತ್ತಾರೆ?

ಉತ್ತರ: ಗದ್ದಲವಿದ್ದಲ್ಲೇ ಬೇಕು ಸ್ವಾಮಿ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಒಂದು ವಿಮಾನದವರು ತಾವು ಹಾರಲು ಹೊರಟಿದ್ದೇವೆ ಎಂಬರ್ಥದ ಮಾತು ಹೇಳಿದರು. ನಿಯಂತ್ರಕರು ‘ಓಕೆ’ ಎಂದು, ಬೆನ್ನಿಗೇ ‘ಕಾಯಿರಿ’ ಎಂದರು. ಅದೇ ಕ್ಷಣ ರನ್‌ವೇ ಮೇಲಿದ್ದ ಮತ್ತೊಂದು ವಿಮಾನವೂ ಮಾತನಾಡಿತು. ಧ್ವನಿಗಳು ಒಂದರ ಮೇಲೊಂದು ಬಿದ್ದು ‘ಕಾಯಿರಿ’ ಸರಿಯಾಗಿ ಕೇಳಿಸಲೇ ಇಲ್ಲ. ಎರಡೂ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಆ ದುರಂತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಒಂದು ‘ಓಕೆ’ ಎಷ್ಟು ಅಪಾಯಕಾರಿ ಎಂದು ಆಮೇಲೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ರನ್‌ವೇಗೆ ಸಂಬಂಧಿಸಿದ ಆದೇಶಕ್ಕೆ ಇಂದು ಪೈಲಟ್ ಬರೀ ರೋಜರ್ ಎಂದರೆ ಸಾಲದು, ಆದೇಶವನ್ನೇ ತಿರುಗಿ ಹೇಳಬೇಕು.

ನೀವೂ ಹಾಗೆಯೇ ಮಾಡಿ. ‘ಉತ್ತರ ಗೇಟು ಮುಚ್ಚಿ’ ಎಂಬ ಸೂಚನೆ ಬಂದರೆ ‘ಉತ್ತರ ಗೇಟು ಮುಚ್ಚುತ್ತೇನೆ’ ಎನ್ನಿ. ದಕ್ಷಿಣ ಎಂದು ಕೇಳಿಸಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಜನ ನುಗ್ಗುವಾಗ ತಪ್ಪು ಗೇಟು ಮುಚ್ಚಿದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಪ್ರಶ್ನೆ (ಮಂಡ್ಯ): ಧನ್ಯವಾದ ಸರ್. ‘ಓವರ್ ಅಂಡ್ ಔಟ್’ ಎನ್ನಬಹುದೇ?

ಉತ್ತರ: ಬೇಡಮ್ಮ. ‘ಓವರ್’ ಎಂದರೆ ನನ್ನ ಮಾತಾಯಿತು, ನೀವು ಹೇಳಿ. ‘ಔಟ್’ ಎಂದರೆ ಮಾತುಕತೆ ಮುಗಿಯಿತು, ಉತ್ತರ ಬೇಕಿಲ್ಲ. ಎರಡರಲ್ಲಿ ಒಂದನ್ನೇ ಹೇಳು.