ಸಹಾಯ ಬೇಕು: ಮಾಜಿ ಸೈನಿಕರಾದ ಭಾವನವರಿಗೂ ನಮ್ಮ ಅಕ್ಕನಿಗೂ ಆಪ್ತಸಮಾಲೋಚನೆ

ಗುಂಪಿನ ಹಿರಿಯರಿಗೂ ಮಾಜಿ ಸೈನಿಕರ ಕುಟುಂಬದವರಿಗೂ ನಮಸ್ಕಾರ. ಸೇನೆಯಿಂದ ನಿವೃತ್ತರಾಗಿ ಮೈಸೂರಿನ ಅಗ್ರಹಾರದಲ್ಲಿ ನೆಲೆಸಿರುವ ನಮ್ಮ ಭಾವನವರಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡದ ಕಾಯಿಲೆ ಇದೆಯೆಂದು ಮನೋವೈದ್ಯರು ತಿಳಿಸಿದ್ದು, ಮಾತ್ರೆಗಳು ನಡೆಯುತ್ತಿವೆ. ನಿದ್ದೆ ತುಸು ಸುಧಾರಿಸಿದೆಯಾದರೂ ಕೆಟ್ಟ ಕನಸುಗಳೂ ಸದ್ದಿಗೆ ಬೆಚ್ಚಿಬೀಳುವುದೂ ಹಾಗೆಯೇ ಉಳಿದಿವೆ. ದಸರಾ ಸಮಯದಲ್ಲಿ ಕುಶಾಲತೋಪು ಸಿಡಿದರೆ ಒಳಕೋಣೆಯ ಬಾಗಿಲು ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. (ಆ ಸದ್ದಿಗೆ ಬೆದರದಂತೆ ಆನೆಗಳಿಗಾದರೂ ಮುಂಚಿತವಾಗಿ ತಾಲೀಮು ಕೊಡುತ್ತಾರೆ.)

ಆದರೆ ನನಗೆ ಹೆಚ್ಚಿನ ಚಿಂತೆ ಅಕ್ಕನದು. ಭಾವನವರು ರಾತ್ರಿ ಕೂಗಿಕೊಂಡು ಎದ್ದಾಗ ಮೈ ಮುಟ್ಟದೆ, ದೂರದಿಂದಲೇ "ರೀ, ಇದು ನಮ್ಮ ಮನೆ" ಎಂದು ಎಚ್ಚರಿಸುವುದನ್ನು ರೂಢಿಸಿಕೊಂಡಿರುವ ಆಕೆ, ಈಗ ತಾನೂ ನಿದ್ದೆಗೆಟ್ಟಿದ್ದಾಳೆ. ಕುಕ್ಕರ್ ಕೂಗಬಾರದೆಂದು ಅನ್ನವನ್ನು ಪಾತ್ರೆಯಲ್ಲೇ ಬಸಿಯುತ್ತಾಳೆ, ತವರಿಗೆ ಬರುವುದನ್ನೂ ಬಿಟ್ಟಿದ್ದಾಳೆ. ಚಿಕಿತ್ಸೆಯ ಸಮಯದಲ್ಲಿ ಆಕೆಯನ್ನು ಯಾರೂ ವಿಚಾರಿಸಿಲ್ಲ.

ಮಾತ್ರೆಯ ಜೊತೆಗೆ, ಆಘಾತದ ನೆನಪುಗಳನ್ನೇ ಕುರಿತ ಮಾತಿನ ಚಿಕಿತ್ಸೆಯೂ ಈ ಕಾಯಿಲೆಗೆ ಮುಖ್ಯವಾದುದರಿಂದ, ಅದರಲ್ಲಿ ತರಬೇತಿ ಪಡೆದ, ಕನ್ನಡದಲ್ಲೇ ಮಾತನಾಡುವ, ದಂಪತಿಯನ್ನು ಒಟ್ಟಿಗೆ ನೋಡುವ ತಜ್ಞರು ಮೈಸೂರು ಅಥವಾ ಮಂಡ್ಯದಲ್ಲಿದ್ದರೆ ದಯವಿಟ್ಟು ತಿಳಿಸಿ. ಮಾಜಿ ಸೈನಿಕರ ಚಿಕಿತ್ಸೆಗಾಗಿ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಯೋಜನೆಯು ಪತ್ನಿಯರಿಗೂ ಅನ್ವಯಿಸುವುದರಿಂದ, ಅದರ ಪಾಲಿಕ್ಲಿನಿಕ್‌ನಿಂದ ನಿಮ್ಹಾನ್ಸ್‌ನಂಥ ಕಡೆಗೆ ಶಿಫಾರಸು ಪಡೆದವರು ಯಾವ ಕಾಗದಪತ್ರ ಬೇಕಾಯಿತೆಂದು ಹೇಳಿದರೆ ಉಪಕಾರವಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅಕ್ಕನಿಗೆ ಬರೆದುಕೊಟ್ಟಿದ್ದೇನೆ. ತಾಯಿತ, ಹರಕೆಗಳ ಸಲಹೆ ಬೇಡ, ಅವೆಲ್ಲ ಆಗಿವೆ. ಇದೇ ಸ್ಥಿತಿಯನ್ನು ಕಂಡ ಸೈನಿಕರ ಪತ್ನಿಯರು ಯಾರಾದರೂ ಅಕ್ಕನೊಡನೆ ಮಾತನಾಡಲು ಒಪ್ಪಿದರೆ ನನಗೆ ಖಾಸಗಿಯಾಗಿ ಸಂದೇಶ ಕಳುಹಿಸಿ.